ಹಂಡೆ ತುಂಬಿದೆ ಎಂದಿದ್ದೆ

ನನ್ನ ಅತ್ತೆಗೆ ಮರೆವು ಬಂದಿರಲಿಲ್ಲ. ಬಂದಿದೆ ಎಂದು ಮನೆಯವರೆಲ್ಲ ನಂಬುವಂತೆ ಮಾಡಿದವಳು ನಾನು. ಕೊನೆಗೆ ಅತ್ತೆಯೂ ಅದನ್ನೇ ನಂಬಿದರು — ನಂಬಿಕೊಂಡೇ ಹೋದರು. ಸುತ್ತಿ ಬಳಸಿ ಹೇಳಿದರೆ ಸ್ವಲ್ಪ ಮೃದುವಾದೀತೇನೋ ಎಂದು ಬಹಳ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೇನೆ. ಆಗುವುದಿಲ್ಲ. ಅದು ಇಷ್ಟೇ.

ಮೂಡಿಗೆರೆಯಲ್ಲಿ ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ನಾನು ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಹೆಸರಾದವಳು. ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಅಳತೆ ತಪ್ಪಿದ ರವಿಕೆಯನ್ನು ಎಲ್ಲರೆದುರು ಎತ್ತಿ ಹಿಡಿದು, ಇದು ಯಾರಿಗೆ ಹೊಲಿದದ್ದು, ದಿಂಬಿಗಾ ಎಂದು ಕೇಳುತ್ತಿದ್ದೆ. ಸುಮಿತ್ರಕ್ಕನ ಬಾಯಿಗೆ ಬೀಗವಿಲ್ಲ ಎಂದು ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ಆದರೆ ಬೀಗ ಇತ್ತು. ಒಂದೇ ಒಂದು ವಿಷಯಕ್ಕೆ ಇತ್ತು, ಗಟ್ಟಿಯಾಗಿಯೇ ಇತ್ತು.

ನಮ್ಮದು ಪೇಟೆಯ ಅಂಚಿನ ಮನೆ. ನಮ್ಮವರು ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು ದೊಡ್ಡ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ನಮ್ಮ ಮಗಳು ದೀಪಾ, ಅತ್ತೆ ಗಿರಿಜಮ್ಮ. ನಾದಿನಿ ವಿಮಲಳನ್ನು ಆಲ್ದೂರಿಗೆ ಕೊಟ್ಟಿತ್ತು. ಹಿತ್ತಿಲ ಕಡೆಗೆ ಬಚ್ಚಲುಮನೆ. ಅದರೊಳಗೆ, ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ದೊಡ್ಡ ತಾಮ್ರದ ಹಂಡೆ. ಪಕ್ಕದಲ್ಲಿ ತಣ್ಣೀರಿನ ಸಿಮೆಂಟು ತೊಟ್ಟಿ. ಒಲೆಯ ಬಾಯಿ ಮಾತ್ರ ಗೋಡೆಯಾಚೆ, ಹಿತ್ತಿಲಿಗೆ. ಹಂಡೆ ಅತ್ತೆಯ ತವರಿನದು, ಕಳಸದ ಕಡೆಯಿಂದ ಅವರ ಜೊತೆಯಲ್ಲೇ ಬಂದದ್ದು. ಎಲ್ಲರಿಗಿಂತ ಮೊದಲು ಎದ್ದು ಹಿತ್ತಿಲಿಗೆ ಹೋಗಿ, ಕಾಫಿ ಗಿಡದ ಒಣಗಿದ ಕೊಂಬೆಗಳನ್ನು ತುರುಕಿ ಒಲೆ ಹಚ್ಚುವುದು ಅತ್ತೆಯ ಕೆಲಸ. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ಮನೆಗೊಂದು ಕಟ್ಟಳೆಯಿತ್ತು. ಸ್ನಾನ ಮಾಡಿದವರು ತಾವು ತೋಡಿದಷ್ಟು ನೀರನ್ನು ತೊಟ್ಟಿಯಿಂದ ಹಂಡೆಗೆ ಹಾಕಿಯೇ ಹೊರಗೆ ಬರಬೇಕು. ಬಂದು ‘ತುಂಬಿದೆ’ ಎನ್ನಬೇಕು. ಎನ್ನದಿದ್ದರೆ ಅತ್ತೆ ಎಲ್ಲಿದ್ದರೂ ಅಲ್ಲಿಂದಲೇ ‘ತುಂಬಿದ್ಯಾ?’ ಎಂದು ಕೇಳುವರು. ನೆಂಟರಿಗೂ ಬಿಡುಗಡೆಯಿರಲಿಲ್ಲ. ವಿಮಲಳ ಗಂಡ ಹೊಸ ಅಳಿಯನಾಗಿ ಬಂದಿದ್ದಾಗ, ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದವನಿಗೆ ಅಡುಗೆಮನೆಯಿಂದ ಈ ಪ್ರಶ್ನೆ ಬಂತು. ಪಾಪ, ಹೊಟ್ಟೆಯ ವಿಚಾರ ಕೇಳುತ್ತಿದ್ದಾರೆ ಎಂದುಕೊಂಡು, ಇನ್ನೂ ತಿಂಡಿಯೇ ಆಗಿಲ್ಲ ಎಂದುಬಿಟ್ಟ. ಆ ಮಾತನ್ನು ನೆನೆದು ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಆದರೆ ಕಟ್ಟಳೆಗೆ ಅರ್ಥವಿತ್ತು. ಹಂಡೆಯ ಮೇಲೆ ಮುಚ್ಚಳ, ಬಚ್ಚಲಲ್ಲಿ ಮಬ್ಬುಗತ್ತಲು. ಹೊರಗಿನಿಂದ ಒಲೆ ಹಚ್ಚುವವರಿಗೆ ಒಳಗೆ ನೀರಿದೆಯೋ ಇಲ್ಲವೋ ಕಾಣುವುದಿಲ್ಲ. ಹಿಂದಿನ ದಿನ ಕೊನೆಗೆ ಸ್ನಾನ ಮಾಡಿದವರ ಆ ಒಂದು ಮಾತನ್ನು ನಂಬಿಯೇ ಬೆಳಿಗ್ಗೆ ಬೆಂಕಿ ಹಾಕಬೇಕು.

ಅದೇ ಬಚ್ಚಲಲ್ಲಿ ಅತ್ತೆ ನನ್ನ ಬಾಣಂತನ ಮಾಡಿದರು. ಹೆರಿಗೆಗೆ ಹೋಗಲು ನನಗೆ ತವರಿರಲಿಲ್ಲ — ಅಂದರೆ ಮನೆಯಿತ್ತು, ಅಮ್ಮ ಇರಲಿಲ್ಲ. ಅಪ್ಪ ಮುಖ ಚಿಕ್ಕದು ಮಾಡಿಕೊಂಡು ಬಂದಾಗ ಅತ್ತೆ, ಅವಳೆಲ್ಲಿಗೂ ಹೋಗೋದು ಬೇಡ, ನಾನಿದ್ದೇನಲ್ಲ ಎಂದಿದ್ದರು. ದೀಪಾ ಹುಟ್ಟಿದ ಮೇಲೆ ದಿನಾ ನನ್ನನ್ನು ಮಣೆಯ ಮೇಲೆ ಕೂರಿಸಿ ನೀರು ಹಾಕುತ್ತಿದ್ದರು. ಬೆನ್ನಿಗೆ ಬೀಳುವ ಒಂದೊಂದು ಚೊಂಬಿಗೂ ಮೊದಲು ಅವರ ಅಂಗೈ ಬಂದು ಬಿಸಿ ನೋಡುತ್ತಿತ್ತು. ಆಮೇಲೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುವರು. ಅವರ ಕೈಯಲ್ಲಿ ಯಾವ ಮಗುವೂ ಹೆಚ್ಚು ಹೊತ್ತು ಅಳುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮಗುವಿಗೆ ನೀರು ಹಾಕಲು ಗಿರಿಜಮ್ಮನವರನ್ನೇ ಕರೆಯುತ್ತಿದ್ದರು. ಕಾಸು ಕೊಡಲು ಬಂದರೆ ರೇಗುತ್ತಿದ್ದರು. ಅಮ್ಮ ಇಲ್ಲದ ನನಗೆ ಅವರು ಅಮ್ಮ ಆಗಿದ್ದರು ಎಂದರೆ ಅದು ಬರೀ ಮಾತಿಗೆ ಹೇಳುವುದಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು, ನಾನು ಮಾಡಿದ್ದು ಯಾರಿಗೆ ಎನ್ನುವುದು ಗೊತ್ತಿರಲಿ ಎಂದು.

ಕಾಫಿಗೆ ರೇಟು ಬಂದ ಕಾಲ ಅದು. ಅದುವರೆಗೆ ಕೈ ಬಿಗಿ ಹಿಡಿದು ಬದುಕಿದವರೆಲ್ಲ ಒಮ್ಮೆಗೇ ಜೀಪು ತಂದರು, ಟೀವಿ ತಂದರು, ನೆಲಕ್ಕೆ ಮೊಸಾಯಿಕ್ ಹಾಕಿಸಿದರು. ಚಿಕ್ಕಮಗಳೂರಿನಲ್ಲಿದ್ದ ನನ್ನ ಗೆಳತಿಯ ಮನೆಗೆ ಗೀಸರ್ ಬಂತು. ಒಂದು ಮದುವೆಗೆಂದು ಹೋಗಿ ಅವಳ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಸ್ವಿಚ್ ಒತ್ತಿದಳು, ಕೆಂಪು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ನಲ್ಲಿ ತಿರುಗಿಸಿದರೆ ಬಿಸಿನೀರು! ಹೊಗೆಯಿಲ್ಲ, ಮಸಿಯಿಲ್ಲ, ತುಂಬುವ ರಗಳೆಯಿಲ್ಲ. ನನ್ನ ಕೂದಲಿಗೆ, ಒಣಹಾಕಿದ ಬಟ್ಟೆಗೆ, ಹೊಲಿದಿಟ್ಟ ರವಿಕೆಗಳಿಗೆ ಕೂಡ ಬಚ್ಚಲ ಹೊಗೆಯ ವಾಸನೆ ಹಿಡಿಯುತ್ತಿತ್ತು. ಅದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ಅವಳ ಮನೆಯಲ್ಲಿ ಗೊತ್ತಾಯಿತು. ಗೀಸರಿನ ಮಾತನ್ನು ನಾನು ಹಿಂದೆ ಒಂದೆರಡು ಸಲ ಎತ್ತಿದ್ದೆ. ಹಂಡೆ ಗಟ್ಟಿಯಾಗಿದೆಯಲ್ಲ, ಅಮ್ಮನಿಗೂ ಅದೇ ಇಷ್ಟ ಎಂದು ನಮ್ಮವರು ತಳ್ಳಿಹಾಕಿದ್ದರು.

ಆ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ನನಗೆ ಯಾರ ಮೇಲೋ ಸಿಟ್ಟು. ನಮ್ಮವರು ಕಾಫಿ ನೋಡಲು ಹೋದವರು ಬಂದಿರಲಿಲ್ಲ. ದೀಪಾ ಬಸ್ಸಿನಲ್ಲೇ ನಿದ್ದೆಹೋಗಿದ್ದಳು, ಹಾಗೆಯೇ ಎತ್ತಿ ತಂದು ಮಲಗಿಸಿದೆ. ಅತ್ತೆ ನನಗೆಂದು ನೀರು ಬಿಸಿಯಾಗಿಯೇ ಇಟ್ಟಿದ್ದರು. ನಾನು ಬಚ್ಚಲಿಗೆ ಹೋಗಿ, ಇದ್ದಬದ್ದ ನೀರನ್ನೆಲ್ಲ ಹೊಯ್ದುಕೊಂಡೆ. ಬೇಕಾಗಿ ಅಲ್ಲ — ಹಟಕ್ಕೆ. ಚೊಂಬು ಹಂಡೆಯ ತಳಕ್ಕೆ ತಾಗಿ ಸದ್ದಾಗುವವರೆಗೆ ಹೊಯ್ದುಕೊಂಡೆ. ತುಂಬೋಣವೆಂದು ನೋಡಿದರೆ ತೊಟ್ಟಿಯೂ ತಳ ಕಂಡಿತ್ತು. ಕರೆಂಟು ಹೋಗಿ ಪಂಪು ನಿಂತಿತ್ತು. ಬಾವಿಯಿಂದ ಸೇದಿ ತರಬೇಕಿತ್ತು. ಆಮೇಲೆ ತುಂಬಿದರಾಯಿತು ಎಂದುಕೊಂಡು ಹೊರಗೆ ಬಂದೆ.

“ತುಂಬಿದ್ಯಾ ಸುಮಿ?” ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

“ತುಂಬಿದೆ ಅತ್ತೆ” ಎಂದೆ.

ಆಮೇಲೆ ಎನ್ನುವುದು ಬರಲಿಲ್ಲ. ಮರೆತು ಮಲಗಿದೆ. ಇಷ್ಟೇ ಆಗಿದ್ದರೆ ಇದು ಮೈಗಳ್ಳತನದ ಕಥೆಯಾಗುತ್ತಿತ್ತು, ಬೈಸಿಕೊಂಡು ಮುಗಿಯುತ್ತಿತ್ತು.

ಬೆಳಿಗ್ಗೆ ದೊಡ್ಡ ಸದ್ದಿಗೆ ಎಚ್ಚರವಾಯಿತು. ಓಡಿಹೋಗಿ ನೋಡಿದರೆ ಬಚ್ಚಲ ತುಂಬ ಹಬೆ. ಅತ್ತೆ ಎಂದಿನಂತೆ ಒಲೆ ಹಚ್ಚಿದ್ದಾರೆ, ಬರಿಹಂಡೆ ಕಾದು ಸುಟ್ಟ ವಾಸನೆ ಬಂದಿದೆ, ಗಾಬರಿಯಲ್ಲಿ ಮುಚ್ಚಳ ತೆಗೆದು, ಬಾವಿಕಟ್ಟೆಯ ಮೇಲೆ ಸೇದಿಟ್ಟಿದ್ದ ಎರಡು ಬಕೆಟ್ ತಣ್ಣೀರು ತಂದು ಸುರಿದಿದ್ದಾರೆ. ಹಂಡೆಯ ತಳದ ಬೆಸುಗೆ ಬಾಯಿಬಿಟ್ಟು ನೀರೆಲ್ಲ ಒಲೆಗೆ ನುಗ್ಗಿತ್ತು. ಬಿಸಿ ಹಬೆ ಬಡಿದು ಅತ್ತೆಯ ಮುಂಗೈ ಕೆಂಪಾಗಿತ್ತು. ಅವರು ಆ ಕೈಯನ್ನು ನೋಡಿಕೊಳ್ಳುತ್ತಿರಲಿಲ್ಲ, ಹಂಡೆಯನ್ನೇ ನೋಡುತ್ತ ನಿಂತಿದ್ದರು. ನಮ್ಮವರು ಅವರ ಭುಜ ಹಿಡಿದು ಹೊರಗೆ ಕರೆತಂದು ಕೂರಿಸಿದರು. ನೀರಿದೆಯೋ ಇಲ್ಲವೋ ನೋಡದೆ ಬೆಂಕಿ ಹಾಕಿದೆಯಲ್ಲಮ್ಮ ಎಂದು ಕೇಳಿದರು. ಬೈಗುಳವಲ್ಲ ಅದು, ಹೆದರಿದ ಮಗನ ಮಾತು.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ನೋಟದಲ್ಲಿ ಆರೋಪ ಇರಲಿಲ್ಲ. ಹೌದಲ್ಲ ಎಂದು ನಾನೊಂದು ಮಾತು ಹೇಳಲಿ ಎಂದು ಕಾಯುವ ನೋಟ — ಅಷ್ಟೇ.

“ತುಂಬಿದೆ ಅಂತ ನೀನು ಹೇಳಿದ ಹಾಗಿತ್ತಲ್ಲ?”

ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತು ನನಗೆ. ಆ ಒಂದು ಉಸಿರಿನಲ್ಲಿ ನಾನು ಎಲ್ಲವನ್ನೂ ನೋಡಿದೆ. ಒಡೆದ ಹಂಡೆ. ಗೋಡೆಯ ಮೇಲೆ ಬರಬಹುದಾದ ಗೀಸರ್. ತಪ್ಪು ಒಪ್ಪಿಕೊಂಡರೆ, ಅತ್ತೆಯ ತವರಿನ ಹಂಡೆ ಒಡೆದವಳು ಎಂದು ಜೀವಮಾನವಿಡೀ ಕೇಳಬೇಕಾದ ಮಾತು. ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು. ಆದರೆ ಹೆದರಿಕೆಯೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ.

“ನಾನು ನಿನ್ನೆ ಸ್ನಾನಾನೇ ಮಾಡ್ಲಿಲ್ಲ ಅತ್ತೆ. ಸುಸ್ತಾಗಿ ಕೈಕಾಲು ತೊಳ್ಕೊಂಡು ಮಲಗಿದೆ. ನಿಮಗೆ ಮೊನ್ನೇದು, ನಾನು ಹೊರಡೋ ಮುಂಚೆ ಹೇಳಿದ್ದು ನೆನಪಿರಬೇಕು.”

ಈ ಮಾತನ್ನು ಎಷ್ಟು ಮೆತ್ತಗೆ ಹೇಳಿದೆ ಗೊತ್ತೇ? ಸದಾ ಗಟ್ಟಿ ಗಂಟಲಿನವಳು, ಅವತ್ತು ರೋಗಿಗೆ ಸಮಾಧಾನ ಹೇಳುವ ಹಾಗೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ನೆಲ ನೋಡಿದರು. ತುಟಿ ಅಲ್ಲಾಡುತ್ತಿತ್ತು; ಹಿಂದಿನ ಸಂಜೆಯನ್ನು ಒಂದೊಂದಾಗಿ ನೆನಪಿಸಿಕೊಂಡು ನೋಡುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ, ಹೌದೇನೋ, ಮೊನ್ನೆಯದೇ ಇರಬೇಕು, ನೀರು ತೋಡಿ ಮರೆತವಳೂ ನಾನೇ ಇರಬೇಕು ಎಂದರು.

ನಾನು ಒಳಗೆ ಹೋಗಿ ಅವರ ಕೈಗೆ ಹಚ್ಚಲು ಜೇನುತುಪ್ಪ ತಂದೆ.

ಗೀಸರ್ ಬಂತು. ನಮ್ಮವರು ಚಿಕ್ಕಮಗಳೂರಿಗೆ ಹೋಗಿ, ಇದ್ದುದರಲ್ಲಿ ಒಳ್ಳೆಯದನ್ನೇ ತಂದರು. ಅಮ್ಮನ ಜೀವಕ್ಕಿಂತ ಹೆಚ್ಚಾ ಎಂದರು. ಹಂಡೆಯನ್ನು ಒಲೆಯಿಂದ ಕಿತ್ತು ಪಾತ್ರೆ ಅಂಗಡಿಗೆ ಹಾಕಿದರು. ತಾಮ್ರದ ತೂಕಕ್ಕೆ ಸಿಕ್ಕ ಹಣ ಗೀಸರಿನ ಲೆಕ್ಕಕ್ಕೆ ಸೇರಿತು. ನೋಡಲು ಬಂದವರೆಲ್ಲ ಎಷ್ಟು ಬಿತ್ತು, ಎಷ್ಟು ಬಿತ್ತು ಎಂದು ಕೇಳುವವರೇ. ಗೀಸರಿಗಿಷ್ಟು, ವೈರಿಂಗಿಗಿಷ್ಟು, ಪೈಪಿಗಿಷ್ಟು ಎಂದು ನಮ್ಮವರು ಬಿಡಿಸಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಕಾಫಿ ಕೊಡುತ್ತಿದ್ದೆ.

ಎಷ್ಟು ಬಿತ್ತು ಎನ್ನುವುದು ನನಗೆ ನಿಧಾನವಾಗಿ ಗೊತ್ತಾಯಿತು.

ಬೆಳಿಗ್ಗೆ ಏಳುವ ಅಭ್ಯಾಸ ಅತ್ತೆಯನ್ನು ಬಿಡಲಿಲ್ಲ. ಎದ್ದು ಬಚ್ಚಲ ಬಾಗಿಲಲ್ಲಿ ಕೂರುತ್ತಿದ್ದರು, ಮಾಡಲು ಏನೂ ಇರುತ್ತಿರಲಿಲ್ಲ. ಒಲೆಯ ಹತ್ತಿರ ಹೋಗಬೇಡ ಎಂದು ಮಗ ಹೇಳಿದ್ದು ಬಚ್ಚಲ ಒಲೆಗೆ. ಅವರು ಅಡುಗೆ ಒಲೆಯನ್ನೂ ಬಿಟ್ಟರು. ನಾನು ಸ್ನಾನ ಮುಗಿಸಿ ಬಂದರೆ ಬಾಯಿತಪ್ಪಿ ‘ತುಂಬಿದ್ಯಾ?’ ಎನ್ನುವರು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, ನೋಡು, ನನ್ನ ತಲೆ ಹೇಗಾಗಿದೆ ಎನ್ನುವರು. ಯಾರಾದರೂ ಮಾಡುವ ತಪ್ಪು ಅದು, ಅಭ್ಯಾಸದ ಬಲ. ಆದರೆ ಅವರು ಅಂಥದ್ದನ್ನೆಲ್ಲ ಹೆಕ್ಕಿ ಹೆಕ್ಕಿ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳತೊಡಗಿದರು. ಗೇಟಿನವರೆಗೆ ಹೋಗಿ, ಬಾಗಿಲು ಹಾಕಿದೆನೋ ಇಲ್ಲವೋ ಎಂದು ವಾಪಸಾಗುತ್ತಿದ್ದರು, ಹಾಕಿಯೇ ಇರುತ್ತಿದ್ದರು. ಬಸ್ಸು ಹತ್ತಿ ಒಬ್ಬರೇ ಆಲ್ದೂರಿಗೆ ಮಗಳ ಮನೆಗೆ ಹೋಗಿ ಬರುತ್ತಿದ್ದವರು, ಎಲ್ಲಿ ಇಳಿಯಬೇಕೆಂದು ಮರೆತರೆ ಎಂದು ಹೋಗುವುದನ್ನೇ ನಿಲ್ಲಿಸಿದರು. ಒಂದು ದಿನ ಬೀಗದಕೈ ಗೊಂಚಲನ್ನು ಸೊಂಟದಿಂದ ತೆಗೆದು ನನಗೆ ಕೊಟ್ಟು, ಇನ್ನು ನೀನೇ ಇಟ್ಟುಕೋ ಎಂದರು. ಅತ್ತೆ ತಾವಾಗಿ ಬೀಗದಕೈ ಕೊಟ್ಟರೆಂದು ಊರವರೆಲ್ಲ ನನ್ನ ಅದೃಷ್ಟವನ್ನು ಹೊಗಳಿದರು.

ಮರುವರ್ಷ ವಿಮಲ ಎರಡನೇ ಹೆರಿಗೆಗೆ ತವರಿಗೆ ಬಂದಳು. ಅವಳ ಮೊದಲ ಮಗಳು ಆಶಾಳನ್ನು ಅತ್ತೆಯೇ ಮೀಯಿಸಿ ದೊಡ್ಡದು ಮಾಡಿದ್ದು. ಈ ಸಲ ಮಗುವನ್ನು ಎತ್ತಿಕೊಂಡು ನಾನೇ ಅತ್ತೆಯ ಹತ್ತಿರ ಹೋದೆ. ನನ್ನೊಳಗೆ ಒಂದು ಆಸೆಯಿತ್ತು — ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಅವರಿಗೆ ತಮ್ಮ ಕೈ ವಾಪಸು ಸಿಗಬಹುದು, ನಾನು ಏನೂ ಹೇಳದೆಯೇ ಎಲ್ಲ ಸರಿಹೋಗಬಹುದು ಎಂದು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಬೇಡ ಕಣೆ. ನನ್ನ ಕೈಗೆ ಮಗು ಕೊಡಬ್ಯಾಡಿ. ನೀರಿನ ಬಿಸಿ ನೋಡಾದೇ ಮರೆತ್ರೆ ಎಂತ ಮಾಡಾದು?”

ಮಗು ನನ್ನ ತೋಳಲ್ಲಿತ್ತು. ವಿಮಲ ಒಳಕೋಣೆಯಲ್ಲಿ ಮಲಗಿದ್ದಳು, ನಮ್ಮವರು ಜಗುಲಿಯಲ್ಲಿದ್ದರು. ಎಲ್ಲರೂ ಇದ್ದರು. ಅತ್ತೆ, ಹಂಡೆ ಬರಿದು ಮಾಡಿದ್ದು ನಾನು — ಇಷ್ಟು ಹೇಳಿದ್ದರೆ ಸಾಕಿತ್ತು. ಗಂಟಲವರೆಗೆ ಬಂತು ಎಂದೂ ಹೇಳಲಾರೆ. ನಾನು ಮಗುವನ್ನು ಭುಜಕ್ಕೆ ಹಾಕಿಕೊಂಡು, ಪಕ್ಕದ ಬೀದಿಯಿಂದ ಬೇರೆ ಹೆಂಗಸನ್ನು ಗೊತ್ತುಮಾಡಿದೆ. ಅವಳು ನೀರು ಹಾಕುವಷ್ಟು ದಿನವೂ ಅತ್ತೆ ಬಚ್ಚಲ ಕಡೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸುತ್ತಿದ್ದರು. ಮಗು ಅತ್ತರೆ ಅವರ ಕೈ ನಿಲ್ಲುತ್ತಿತ್ತು.

ಕೆಲವು ವರ್ಷ ಕಳೆಯಿತು. ಕಾಫಿಯ ರೇಟು ಬಂದ ಹಾಗೆಯೇ ಬಿತ್ತು. ನಮ್ಮವರ ವ್ಯಾಪಾರ ಸೊರಗಿತು. ಕೊಟ್ಟ ಮುಂಗಡಗಳು ಅಲ್ಲಲ್ಲೇ ನಿಂತವು. ಅಂಥದ್ದೇ ಹೊತ್ತಿನಲ್ಲಿ ಗೀಸರ್ ಕೆಟ್ಟಿತು. ರಿಪೇರಿಯವನು ಬಂದು ಬಿಚ್ಚಿ ನೋಡಿ, ಟ್ಯಾಂಕೇ ತೂತಾಗಿದೆ, ಬೆಸುಗೆ ನಿಲ್ಲುವುದಿಲ್ಲ, ಹೊಸದನ್ನೇ ಹಾಕಿಸಿ ಎಂದ. ಅವನು ಹೇಳಿದ ಬೆಲೆ ಕೇಳಿ ನಮ್ಮವರ ಮುಖ ಇಳಿದುಹೋಯಿತು. ಊಟಕ್ಕೆ ಕೂತಾಗ, ಹಂಡೆ ಇದ್ದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದು ಸುಮ್ಮನೆ ಅಂದುಬಿಟ್ಟರು. ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ. ಅತ್ತೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು.

ಮಧ್ಯಾಹ್ನ ಹುಡುಗಿಯರು ಇನ್ನೂ ಬಂದಿರಲಿಲ್ಲ. ನಾನು ಹೊಲಿಗೆ ಯಂತ್ರದ ಮುಂದಿದ್ದೆ. ಅತ್ತೆ ಬಂದು ಬಾಗಿಲು ಮುಂದೆ ಮಾಡಿ, ತಮ್ಮ ಎರಡು ಚಿನ್ನದ ಬಳೆಗಳನ್ನು ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಇಟ್ಟರು. ಅವರ ಕೈಯಲ್ಲಿ ಇದ್ದುದೇ ಅವೆರಡು. ಇದನ್ನು ಮಾರಿ ಗೀಸರಿಗೆ ಹಾಕು ಎಂದರು, ಮಗನ ಹೆಸರು ಹಿಡಿದು ಚಂದ್ರೂಗೆ ಹೇಳಬೇಡ ಎಂದರು. ನನ್ನಿಂದಾಗಿ ಅವನಿಗೆ ಎರಡೆರಡು ಸಲ ಖರ್ಚಾಯಿತು, ನಾನು ಅವತ್ತು ನೆಟ್ಟಗೆ ನೋಡಿ ಬೆಂಕಿ ಹಾಕಿದ್ದರೆ ಹಂಡೆ ನಿಮ್ಮ ಕಾಲಕ್ಕೂ ಬರುತ್ತಿತ್ತು ಎಂದರು. ಬಳೆ ತೆಗೆದ ಜಾಗದಲ್ಲಿ ಕೈ ಕೆಂಪಾಗಿತ್ತು. ಸೋಪು ಹಚ್ಚಿ ತಿರುವಿ ತಿರುವಿ ತೆಗೆದಿದ್ದರು, ಅದರ ವಾಸನೆ ಇನ್ನೂ ಇತ್ತು.

ಆಗ ಹೇಳಿದೆ. ಅವರ ಆ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಅವತ್ತು ಸಂಜೆ ನಾನು ಸ್ನಾನ ಮಾಡಿದ್ದೆ ಅತ್ತೆ, ಹಂಡೆ ಬರಿದು ಮಾಡಿದ್ದು ನಾನು, ತುಂಬಿದೆ ಎಂದು ಸುಳ್ಳು ಹೇಳಿದೆ, ನಿಮಗೆ ನೆನಪಿದ್ದದ್ದೇ ಸರಿ… ಹೇಳುತ್ತ ಹೇಳುತ್ತ ಅಳು ಬಂತು. ಅತ್ತೆ ಕೇಳಿಸಿಕೊಂಡರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನಕ್ಕರು.

“ನೀನು ಎಂಥಾ ಹುಡುಗಿ ಮಾರಾಯ್ತಿ. ನಂಗೆ ಬೇಜಾರಾಗಬಾರ್ದು ಅಂತ ನಿನ್ನ ಮೇಲೆ ಹಾಕ್ಕಂತಿದ್ದೀಯ. ನನ್ನ ತಲೆ ಎಂಥದು ಅಂತ ನಂಗೊತ್ತಿಲ್ವ?”

ಇಲ್ಲ ಅತ್ತೆ, ನಿಜವಾಗಲೂ ನಾನೇ ಎಂದೆ. ಅವರು ನನ್ನ ತಲೆ ಸವರಿದರು. ನಿಮ್ಮಾಣೆ ಎಂದೆ. ಆಣೆ ಹಾಕಬಾರದು, ಬಿಡ್ತು ಅನ್ನು ಎಂದರು. ನಾನು ಎಷ್ಟು ಹೇಳಿದರೆ ಅವರ ಪ್ರೀತಿ ಅಷ್ಟು ಹೆಚ್ಚುತ್ತಿತ್ತು. ಅಷ್ಟು ವರ್ಷದಲ್ಲಿ ಆ ಸುಳ್ಳು ಅವರೊಳಗೆ ಎಷ್ಟು ಬೇರು ಬಿಟ್ಟಿತ್ತು ಎಂದರೆ, ನಿಜವೇ ಬಂದು ಎದುರು ನಿಂತರೂ ಅವರಿಗೆ ಅದು ಸೊಸೆಯ ಒಳ್ಳೆಯತನದ ಹಾಗೆ ಕಂಡಿತು.

ಇಲ್ಲಿ ನಾನು ಒಪ್ಪಿಕೊಳ್ಳಬೇಕಾದ ಇನ್ನೊಂದಿದೆ, ಮೊದಲಿನದಕ್ಕಿಂತ ಕೆಟ್ಟದ್ದು. ನಮ್ಮವರನ್ನು ಕರೆದು ಅವರೆದುರು ಹೇಳಿದ್ದರೆ ಅತ್ತೆ ನಂಬುತ್ತಿದ್ದರು. ಮಗನ ಮುಖ ಬದಲಾಗುವುದನ್ನು ನೋಡಿದ್ದರೆ ನಂಬಲೇಬೇಕಿತ್ತು. ಅವರು ಹೊರಗೆ ಜೀಪಿನ ಹತ್ತಿರವೇ ಇದ್ದರು. ಕಿಟಕಿಯಿಂದ ಕೂಗಿದರೆ ಸಾಕು. ನಾನು ಕೂಗಲಿಲ್ಲ. ಬಳೆಗಳನ್ನು ತಿರುಗಿ ಅತ್ತೆಯ ಕೈಗೇ ಏರಿಸಿದೆ. ಹೇಳಿದ್ದೇನಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದುಕೊಂಡೆ. ನನ್ನ ಮನಸ್ಸು ಹಗುರವಾಗಿತ್ತು — ಹೌದು, ನಾಚಿಕೆಗೆಟ್ಟು ಹಗುರವಾಗಿತ್ತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅತ್ತೆ ಆ ಮಾತನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ವಿಮಲ ಬಂದಾಗ ಅವಳಿಗೆ ಹೇಳಿದರು. ನನ್ನ ಸೊಸೆ ನನ್ನ ತಪ್ಪನ್ನೂ ತನ್ನದು ಅಂತಾಳೆ, ಹೀಗೆ ಹೇಳೋರು ಎಲ್ಲಿದ್ದಾರೆ ಎಂದು. ಕೊನೆಯ ಎರಡು ವರ್ಷ ಅವರಿಗೆ ನಿಜವಾಗಿಯೂ ಕೆಲವು ಹೆಸರುಗಳು ಮರೆಯುತ್ತಿದ್ದವು. ವಯಸ್ಸಾದ ಎಲ್ಲರಿಗೂ ಆಗುವಷ್ಟೇ ಇರಬಹುದು. ಅದರಲ್ಲಿ ವಯಸ್ಸಿನದೆಷ್ಟು, ನನ್ನದೆಷ್ಟು — ಇದನ್ನು ಈಗ ಯಾರೂ ಬೇರ್ಪಡಿಸಿ ಹೇಳಲಾರರು. ಅವರು ತೀರಿಕೊಂಡ ಮೇಲೆ ತಿಥಿಯ ದಿನ ನೆಂಟರ ನಡುವೆ ವಿಮಲ ನನ್ನ ಕೈ ಹಿಡಿದುಕೊಂಡು, ಅತ್ತಿಗೆ, ನಾನು ಮಗಳಾಗಿ ಮಾಡದ್ದನ್ನ ನೀನು ಮಾಡಿದೆ ಎಂದು ಅತ್ತಳು. ನಾನೂ ಅತ್ತುಬಿಟ್ಟೆ. ಜನ ನಮ್ಮಿಬ್ಬರನ್ನು ನೋಡಿ ಕಣ್ಣೊರೆಸಿಕೊಂಡರು.

ಹೀಗೆಯೇ ಮುಗಿದುಹೋಗುತ್ತಿತ್ತೇನೋ. ನಾನು ಒಳ್ಳೆಯ ಸೊಸೆಯಾಗಿಯೇ ಹಣ್ಣಾಗಿ ಹೋಗುತ್ತಿದ್ದೆ. ಆದರೆ ಆಶಾ ಬಸುರಿಯಾದಳು. ಅತ್ತೆಯ ಕೈಯಲ್ಲಿ ಮಿಂದು ಬೆಳೆದ ಅದೇ ಆಶಾ. ಏಳನೇ ತಿಂಗಳಲ್ಲಿ ನಾನೂ ನಮ್ಮವರೂ ಆಲ್ದೂರಿಗೆ ಹೋಗಿದ್ದೆವು. ವಿಮಲಳಿಗೆ ಐವತ್ತು ಹತ್ತಿರ ಬಂದಿತ್ತು. ಮಗಳ ಬಾಣಂತನಕ್ಕೆ ಏನೇನು ತಯಾರಿ ನಡೆದಿದೆ ಎಂದು ಕೇಳಿದರೆ, ನಾನು ಮಾಡುವುದಿಲ್ಲ, ಗಂಡನ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಹೇಳಿಬಿಟ್ಟಿದ್ದೇನೆ ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ತಗ್ಗಿದ ದನಿಯಲ್ಲಿ ಹೇಳಿದಳು. ಎರಡು ಸಲ ಹಾಲನ್ನು ಒಲೆಯ ಮೇಲಿಟ್ಟು ಮರೆತಿದ್ದಾಳಂತೆ. ಒಂದು ಸಲ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದಳಂತೆ. ನಾನು ನಗಲು ಹೋದೆ. ಅವಳು ನಗಲಿಲ್ಲ.

“ಅಮ್ಮಂಗೂ ಹಿಂಗೇ ಶುರುವಾಗಿದ್ದಲ್ವ ಅತ್ತಿಗೆ? ಹಂಡೆ ಮರೆತು. ನಂಗೂ ಅದೇ ಬಂದಿದೆ. ಆ ಎಳೇ ಮಗೂನ ನಾನು ಹೆಂಗೆ ಮುಟ್ಟಲಿ?”

ಅವಳೂ ಅಮ್ಮನ ಹಾಗೆಯೇ ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಿದ್ದಳು.

ಅಲ್ಲೇ ಇದ್ದ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮಣೆಯನ್ನು ಸರಿಸಿ ನೆಲದ ಮೇಲೆ ಕೂತೆ. ಈ ಸಲ ಮೊದಲು ನಮ್ಮವರನ್ನು ಕೂಗಿದೆ. ಏನೋ ಆಯಿತೆಂದು ಅವರು ಓಡಿಬಂದರು. ಅಣ್ಣ ತಂಗಿ ಇಬ್ಬರನ್ನೂ ಕೂರಿಸಿ, ಚಿಕ್ಕಮಗಳೂರಿನಿಂದ ಬಂದ ಆ ಸಂಜೆಯಿಂದ ಹಿಡಿದು, ಬಳೆ ತಿರುಗಿಸಿ ಕೊಟ್ಟ ಮಧ್ಯಾಹ್ನದವರೆಗೆ ಎಲ್ಲವನ್ನೂ ಹೇಳಿದೆ. ಅಳಲಿಲ್ಲ. ಅತ್ತರೆ ಮತ್ತೆ ಒಳ್ಳೆಯವಳಾಗಿಬಿಡುತ್ತೇನೆ ಎನ್ನುವ ಭಯವಿತ್ತು. ನೀರು ಚೆಲ್ಲಿದ್ದು ಹಟಕ್ಕೆ ಎಂದೆ. ಸುಳ್ಳು ಹೇಳಿದ್ದು ಗೀಸರಿನ ಆಸೆಗೆ ಎಂದೆ. ನಿನ್ನ ಅಮ್ಮನಿಗೆ ಎಲ್ಲ ನೆನಪಿತ್ತು ವಿಮಲ, ನಾನು ಬಾಯಿಬಿಟ್ಟು ಇಲ್ಲ ಎಂದೆ, ಮೊನ್ನೆಯದು ಎಂದೆ — ಅದೇ ಮಾತುಗಳನ್ನು ಹಾಗೆ ಹಾಗೆಯೇ ಹೇಳಿದೆ.

ನಮ್ಮವರು ಎದ್ದು ಹೊರಗೆ ಹೋದರು. ವಿಮಲ ಒಂದೇ ಪ್ರಶ್ನೆ ಕೇಳಿದಳು. ಅಮ್ಮ ಹೋಗುವವರೆಗೂ ತನಗೆ ಮರೆವು ಎಂದೇ ಅಂದುಕೊಂಡಿದ್ದಳಾ ಎಂದು. ಹೌದು ಎಂದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅವಳ ಎದೆ ಏರಿಳಿಯುವುದನ್ನು ನೋಡುತ್ತ ನಾನು ಕೂತೇ ಇದ್ದೆ, ಮುಟ್ಟುವ ಧೈರ್ಯವಾಗಲಿಲ್ಲ. ಕೊನೆಗೆ ಅವಳು ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಒಲೆಯ ಮೇಲಿದ್ದ ಸಾರನ್ನು ಇಳಿಸಿದಳು.

“ನೀವು ಊಟ ಮಾಡ್ಕಂಡು ಹೋಗಿ” ಎಂದಳು.

ವಿಮಲಳಿಗೂ ನನಗೂ ಎರಡೇ ವರ್ಷದ ಅಂತರ. ಹೆಣ್ಣು ನೋಡಲು ಬಂದ ದಿನವೇ, ನಿನ್ನ ಜಡೆ ಎಷ್ಟು ಉದ್ದ ಇದೆ ಎಂದು ಏಕವಚನದಲ್ಲಿ ಶುರು ಮಾಡಿದವಳು ಅವಳು. ಅತ್ತೆ ತಿದ್ದಲು ಹೋದರೆ, ಅತ್ತಿಗೆ ಅಂದಮೇಲೆ ನೀವು ಯಾಕೆ ಎಂದು ವಾದ ಮಾಡುತ್ತಿದ್ದಳು. ಅವಳ ಬಾಯಲ್ಲಿ ನನಗೆ ‘ನೀವು’ ಬಂದದ್ದು ಅವತ್ತೇ ಮೊದಲು. ನಾನು ಊಟ ಮಾಡಿದೆ. ಬಡಿಸುವಾಗ ಅವಳು ಯಾವುದಕ್ಕೂ ಒತ್ತಾಯ ಮಾಡಲಿಲ್ಲ.

ವಾಪಸು ಬರುವಾಗ ನಮ್ಮವರು ದಾರಿಯಲ್ಲೊಂದು ಕಡೆ ಜೀಪು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತರು. ಅಮ್ಮನಿಗೆ ನಾನೇ ಎಷ್ಟು ಸಲ ಗದರಿದ್ದೇನೆ ಎಂದರು. ಅಷ್ಟೇ ಅವರು ಅಂದದ್ದು. ಅವರ ದುಃಖದಲ್ಲಿ ನನಗೆ ಜಾಗವಿರಲಿಲ್ಲ, ಇರಬೇಕೆಂದು ನಾನು ಕೇಳಲೂ ಇಲ್ಲ.

ಆಶಾ ಹೆರಿಗೆಗೆ ತವರಿಗೇ ಬಂದಳು. ಹೆಣ್ಣುಮಗು. ನಾನು ಮಗುವಿಗೊಂದು ಅಂಗಿ ಹೊಲಿದುಕೊಂಡು, ಹೋಗಲೋ ಬೇಡವೋ ಎಂದು ಕೆಲವು ದಿನ ತಳ್ಳಿ, ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಆಶಾಳೇ ಬಾಗಿಲು ತೆಗೆದು, ಅಮ್ಮ ಬಚ್ಚಲಲ್ಲಿದ್ದಾಳೆ ಎಂದಳು. ವಿಮಲ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಿದ್ದಳು. ಕಾಲುಗಳ ಮೇಲೆ ಮಗು ಬೋರಲು ಮಲಗಿತ್ತು. ಅವಳ ಎಡಗೈ ಮಗುವಿನ ಬೆನ್ನ ಮೇಲಿತ್ತು. ಬಲಗೈಯಿಂದ ಚೊಂಬೆತ್ತಿ, ತನ್ನ ಮುಂಗೈ ಮೇಲೆ ಒಂದಿಷ್ಟು ಹೊಯ್ದು ನೋಡಿ, ಆಮೇಲೆ ಹಾಕುತ್ತಿದ್ದಳು. ಮಗು ಅಳುತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ನೋಡಬೇಕಾದವಳು ನಾನಲ್ಲ, ಇಲ್ಲಿ ನಿಲ್ಲಬೇಕಾದವರು ಬೇರೆಯವರು ಎನಿಸಿತು.

ಅವಳು ನನ್ನನ್ನು ಕಂಡಳು. ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ.

“ಆ ಟವೆಲ್ ಇತ್ಲಾಗೆ ಕೊಡಿ ಅತ್ತಿಗೆ” ಎಂದಳು.

ಕೊಟ್ಟೆ. ಈಗಲೂ ಅವಳು ನನ್ನನ್ನು ‘ನೀವು’ ಎಂದೇ ಕರೆಯುತ್ತಾಳೆ. ನಾನು ಅದನ್ನು ತಿದ್ದಿಲ್ಲ.